ಮೊಬೈಲಿಗೆ 143 ಬನ್ನಿ, ಮನೆಗೆ ಬಂದವರು ಮೂವರು

ಬಾರಾಕಮಾನ್ ಬದಿಯವ (ವಿಜಯಪುರ), ವಿಜಯದಶಮಿ ರಾತ್ರಿ 10:50

ಈಗಷ್ಟೇ ಎಣಿಸಿ ಮುಗಿಸಿದೆ. ಬೆಳಗಿನಿಂದ ನನ್ನ ಮೊಬೈಲಿಗೆ ಬಂದ ಬನ್ನಿಯ ಚಿತ್ರಗಳು 143. ಅದರಲ್ಲಿ ಒಂದೇ ಚಿತ್ರವನ್ನು ಹನ್ನೊಂದು ಜನ ಕಳಿಸಿದ್ದಾರೆ. ಬಂಗಾರದ ಬಣ್ಣದ ಎಲೆ, ಪಕ್ಕದಲ್ಲಿ ಮಿನುಗುವ ದೀಪ, ಕೆಳಗೆ ಯಾವುದೋ ಬನಿಯನ್ ಅಂಗಡಿಯ ಜಾಹೀರಾತು. ಮನೆಗೆ ಬಂದು ಕೈಯಲ್ಲಿ ಬನ್ನಿ ಕೊಟ್ಟವರು ಮೂವರು. ಅವರಲ್ಲಿ ಒಬ್ಬರು ಹಾಲು ಹಾಕುವವರು, ಹೇಗೂ ಬರುವವರೇ.

ಬೆಳಗ್ಗೆಯೇ ಹೊಲಕ್ಕೆ ಹೋಗಿ ಬದುವಿನ ಮೇಲಿನ ಗಿಡದಿಂದ ಬನ್ನಿ ಹರಿದು ತಂದು ಹಿತ್ತಾಳೆ ತಾಟಿನಲ್ಲಿ ಇಟ್ಟಿದ್ದೆ. ಮನೆಯವರು ಚೂಡಾ, ಶಂಕರಪಾಳಿ ಮಾಡಿದ್ದರು. ಆರು ಗಂಟೆಗೆ ಹೊಸ ಧೋತರ ಉಟ್ಟು ಪಡಸಾಲೆಯಲ್ಲಿ ಕುಳಿತೆ. ಒಂಬತ್ತಕ್ಕೆ ಎದ್ದೆ. ತಾಟು ಇಟ್ಟ ಹಾಗೆಯೇ ಇದೆ.

ನಾನು ಹುಡುಗನಾಗಿದ್ದಾಗ ಬನ್ನಿ ಕೊಡಲು ಹೊರಟರೆ ತಿರುಗಿ ಮನೆ ಮುಟ್ಟುವುದು ಹನ್ನೊಂದಕ್ಕೆ. "ಬನ್ನಿ ತೆಗೆದುಕೊಂಡು ಬಂಗಾರದ ಹಾಗೆ ಇರೋಣ" ಎಂದು ಹೇಳಿ ಹೇಳಿ ಗಂಟಲು ಒಣಗುತ್ತಿತ್ತು. ನಮ್ಮ ಅಪ್ಪ ಮತ್ತು ಕಾಕಾ ಹೊಲದ ಬದುವಿನ ಜಗಳದಲ್ಲಿ ಎರಡು ವರ್ಷ ಮಾತು ಬಿಟ್ಟಿದ್ದರು. ಮೂರನೆಯ ದಸರೆಗೆ ಕಾಕಾ ಬಂದರು. ಬನ್ನಿ ಕೊಟ್ಟು ಅಪ್ಪನ ಕಾಲು ಮುಟ್ಟಿದರು. ಯಾರೂ ಏನೂ ಆಡಲಿಲ್ಲ. ಅವ್ವ ಒಳಗಿನಿಂದ ಚಹಾ ತಂದಳು. ಬದು ಎಲ್ಲಿತ್ತೋ ಅಲ್ಲೇ ಇತ್ತು, ಜಗಳ ಮಾತ್ರ ಇರಲಿಲ್ಲ. ಮೊಬೈಲಿನಲ್ಲಿ ಬರುವ ಎಲೆಗೆ ಈ ಕೆಲಸ ಬರುತ್ತದೆಯೇ?

ನಮ್ಮ ಮನೆಯಲ್ಲಿ ಮಾತ್ರ ಹೀಗೋ, ನಿಮ್ಮಲ್ಲೂ ಹೀಗೆಯೋ? ಇಂಟರ್ನೆಟ್ ಬರುವುದಕ್ಕೆ ಮೊದಲಿನ ದಿನಗಳೇ ಚೆನ್ನಾಗಿದ್ದವು ಎಂದು ನನಗೆ ಅನ್ನಿಸುತ್ತದೆ. ಇವನಿಗೆ ವಯಸ್ಸಾಯಿತು ಎನ್ನುವವರು ಎನ್ನಲಿ.

ಇಂಡಿ ಲಿಂಬೆ, 10:58

ಮೂವರು ಬಂದರೇ? ಪುಣ್ಯವಂತರು. ನಮ್ಮ ಮನೆಗೆ ಬಂದದ್ದು ಕರೆಂಟ್ ಬಿಲ್ಲಿನ ಸಂದೇಶ ಮಾತ್ರ.

ತಿಲಕವಾಡಿ ಸೈಕಲ್ (ಬೆಳಗಾವಿ), 11:04

ಮೊದಲು ಒಂದು ತಿದ್ದುಪಡಿ. ಚಿತ್ರದಲ್ಲಿರುವ ಎಲೆ ನಡುವೆ ಸೀಳಿ ಒಂಟೆಯ ಹೆಜ್ಜೆಯ ಹಾಗೆ ಇದ್ದರೆ ಅದು ಬನ್ನಿಯೇ ಅಲ್ಲ, ಆಪ್ಟಾ. ಮಹಾರಾಷ್ಟ್ರದವರು ದಸರೆಗೆ ಬಂಗಾರವೆಂದು ಹಂಚುವುದು ಅದನ್ನು. ಬನ್ನಿ ಎಂದರೆ ಶಮಿ. ಹುಣಸೆಯದರಂಥ ಸಣ್ಣ ಸಣ್ಣ ಎಲೆ, ಕಡ್ಡಿಗೆ ಮುಳ್ಳು. ಯಾರೋ ಪುಣೆಯಲ್ಲಿ ಕುಳಿತು ಮಾಡಿದ ಚಿತ್ರವನ್ನು ನೀವು ವಿಜಯಪುರದಲ್ಲಿ ಕುಳಿತು ಎಣಿಸುತ್ತಿದ್ದೀರಿ, ಅಷ್ಟೇ.

ಬಾರಾಕಮಾನ್ ಬದಿಯವ, 11:09

ಒಂಟೆಯ ಹೆಜ್ಜೆಯೇ. ಅಂದರೆ 143ರಲ್ಲಿ ಬನ್ನಿ ಒಂದೂ ಇಲ್ಲ ಎಂದಾಯಿತು. ಹೊಟ್ಟೆ ಇನ್ನಷ್ಟು ಉರಿಸಿದಿರಿ ಸಾಹೇಬರೇ.

ರಾತ್ರಿ ಪಾಳಿ (ಊರು ಮುದ್ದೇಬಿಹಾಳ, ಕೆಲಸ ಬೆಂಗಳೂರು), 11:20

ಕಾಕಾ, ಸಿಟ್ಟು ಮಾಡಿಕೊಳ್ಳಬೇಡಿ. ಒಂದೇ ಪ್ರಶ್ನೆ. ನೀವು ಎಷ್ಟು ಮನೆಗೆ ಹೋದಿರಿ?

ಬಾರಾಕಮಾನ್ ಬದಿಯವ, 11:43

ಎರಡು. ಅದರಲ್ಲಿ ಒಂದು ತಮ್ಮನ ಮನೆ, ಮೇಲಿನ ಮಹಡಿ. ಮಂಡಿನೋವು ಎಂದು ಬರೆಯಬೇಕೆಂದಿದ್ದೆ. ಆದರೆ ಬೆಳಗ್ಗೆ ಹೊಲಕ್ಕೆ ಹೋಗಿ ಬಂದೆ ಎಂದು ಮೇಲೆ ನಾನೇ ಬರೆದುಕೊಂಡಿದ್ದೇನೆ.

ಇಂಡಿ ಲಿಂಬೆ, 11:45

ಇಪ್ಪತ್ತಮೂರು ನಿಮಿಷ ಯೋಚಿಸಿ ಬರೆದ ಉತ್ತರ ಇದು. ಪ್ರಾಮಾಣಿಕತೆಗೆ ನಮಸ್ಕಾರ.

ಕರಿಹಲಿಗೆ (ಜಮಖಂಡಿ), ಮರುದಿನ ಬೆಳಗ್ಗೆ 6:15

ಹುಡುಗರು ಜಾಣತನದ ಪ್ರಶ್ನೆ ಕೇಳಿ ವಿಷಯ ತೇಲಿಸುವುದು ಬೇಡ. ಬಾರಾಕಮಾನಿನವರು ಹೇಳಿದ್ದರಲ್ಲಿ ಸತ್ಯವಿದೆ. ನಾನು ಮೂವತ್ತೈದು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವನು. ನಮ್ಮ ಕಡೆ ಪತ್ರಿಕೆ ಬರುತ್ತಿದ್ದದ್ದು ಹುಬ್ಬಳ್ಳಿಯಿಂದ, ಮಧ್ಯಾಹ್ನದ ಬಸ್ಸಿಗೆ. ಕ್ಷೌರದ ಅಂಗಡಿಯ ಬಾಕಿನ ಮೇಲೆ ಒಬ್ಬ ಗಟ್ಟಿಯಾಗಿ ಓದುತ್ತಿದ್ದ, ಹತ್ತು ಜನ ಕೇಳುತ್ತಿದ್ದರು. ಅರ್ಧ ಗಡ್ಡ ಆದವನು ಮುಖದ ಮೇಲಿನ ಸಾಬೂನು ಒಣಗುವವರೆಗೆ ವಾದಿಸುತ್ತಿದ್ದ. ಒಂದು ಸುದ್ದಿ ಮೂರು ದಿನ ಊರಿನಲ್ಲಿ ಬಾಳುತ್ತಿತ್ತು. ಈಗಿನ ಸುದ್ದಿಗೆ ಚಹಾ ಆರುವಷ್ಟು ಆಯುಷ್ಯವಿಲ್ಲ.

ಬನಹಟ್ಟಿ, ರಬಕವಿಯ ಮಗ್ಗದ ಮನೆಗಳ ಮುಂದೆ ನಡೆದು ಹೋದವರಿಗೆ ಗೊತ್ತಿರುತ್ತದೆ. ಮಗ್ಗದ ಸದ್ದನ್ನು ಮೀರಿಸುವ ಹಾಗೆ ಧಾರವಾಡ ಆಕಾಶವಾಣಿ ಹಚ್ಚಿರುತ್ತಿದ್ದರು. ಓಣಿಯ ಈ ತುದಿಯಲ್ಲಿ ಶುರುವಾದ ಹಾಡು ಆ ತುದಿ ಮುಟ್ಟುವಷ್ಟರಲ್ಲಿ ಮುಗಿಯುತ್ತಿತ್ತು. ನಡೆಯುವವನಿಗೆ ಒಂದು ಸಾಲೂ ತಪ್ಪುತ್ತಿರಲಿಲ್ಲ, ಏಕೆಂದರೆ ಪ್ರತಿ ಮನೆಯಲ್ಲೂ ಅದೇ ಹಾಡು. ಈಗ ಒಂದೇ ಮನೆಯಲ್ಲಿ ನಾಲ್ವರು, ನಾಲ್ವರ ಕಿವಿಯಲ್ಲೂ ಬೇರೆ ಬೇರೆ ಹಾಡು.

ನೆನಪಿನ ಶಕ್ತಿಯೂ ಹೋಯಿತು. ಆಗ ಇಪ್ಪತ್ತು ದೂರವಾಣಿ ಸಂಖ್ಯೆ ಬಾಯಿಪಾಠ ಇರುತ್ತಿತ್ತು.

ರಾತ್ರಿ ಪಾಳಿ, 6:40

ಮಾಸ್ತರರೇ, ನಿಮ್ಮ ಮನೆಯವರ ಮೊಬೈಲ್ ಸಂಖ್ಯೆಯನ್ನು ನೋಡದೆ ಹೇಳಬಲ್ಲಿರಾ? ಇಲ್ಲಿ ಬರೆಯಬೇಡಿ, ಮನಸ್ಸಿನಲ್ಲೇ ಹೇಳಿಕೊಳ್ಳಿ.

ಕರಿಹಲಿಗೆ, 6:52

ಮೊದಲ ಆರು ಅಂಕಿ ಬಂದವು.

ತಿಲಕವಾಡಿ ಸೈಕಲ್, 7:30

ಮಾಸ್ತರರ ಮಾತಿಗೆ ನನ್ನದೂ ಒಂದು. ಊರು ಕೆಟ್ಟದ್ದು ಮೊಬೈಲಿನಿಂದ ಅಲ್ಲ, ಟಿವಿಯಿಂದ. 1987ರಲ್ಲಿ ರಾಮಾಯಣ ಶುರುವಾದ ಮೇಲೆ ಭಾನುವಾರ ಬೆಳಗ್ಗೆ ನಮ್ಮ ಗಲ್ಲಿಯಲ್ಲಿ ಕ್ರಿಕೆಟ್ ಆಡಲು ಹನ್ನೊಂದು ಹುಡುಗರು ಸಿಗಲಿಲ್ಲ. ಹಳ್ಳಿಗಳಿಗಾದರೂ ಟಿವಿ ಬಂದದ್ದು ಅದಕ್ಕಿಂತ ತಡ, ಅವರು ಇನ್ನೊಂದಷ್ಟು ದಿನ ಸುಖವಾಗಿದ್ದರು.

ಡೋಣಿ ದಂಡೆ (ವಿಜಯಪುರ ಜಿಲ್ಲೆ), 8:10

ಸೈಕಲ್ ಸಾಹೇಬರೇ, ಬೆಳಗಾವಿಯವರಿಗೆ ಹಳ್ಳಿಯ ಇತಿಹಾಸ ಗೊತ್ತಿಲ್ಲ, ಹೇಳುತ್ತೇನೆ ಕೇಳಿ. ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಟಿವಿ ಬಂದದ್ದು 1975ರಲ್ಲಿ. ಅದೂ ಉಪಗ್ರಹದಿಂದ ನೇರವಾಗಿ. ಬೆಂಗಳೂರಿನವರು ಮನೆಯಲ್ಲಿ ಟಿವಿಯ ಮುಖ ನೋಡುವ ಮೊದಲೇ ನಾವು ನೋಡಿ ಬೇಸತ್ತಿದ್ದೆವು!

ತಮಾಷೆಯಲ್ಲ. ಅಮೆರಿಕದ ನಾಸಾದಿಂದ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕೇಳಿ ಪಡೆದು ಇಸ್ರೋದವರು ನಡೆಸಿದ ಪ್ರಯೋಗ ಅದು, ಸೈಟ್ ಎನ್ನುತ್ತಿದ್ದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ನನಗಾಗ ಒಂಬತ್ತು ವರ್ಷ. ನಮ್ಮೂರ ಶಾಲೆಯ ಮೇಲೆ ಕೋಳಿಗೂಡಿಗೆ ಹಾಕುವಂಥ ತಂತಿಯ ಜಾಲರಿಯಿಂದ ಮಾಡಿದ ದೊಡ್ಡ ಬುಟ್ಟಿಯನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದರು. ಮಳೆ ನೀರು ಹಿಡಿಯಲು ಎಂದು ಊರವರು ತಿಳಿದಿದ್ದರು. ಜಾಲರಿಯಲ್ಲಿ ನೀರು ಹೇಗೆ ನಿಲ್ಲುತ್ತದೆ ಎಂದು ಯಾರೂ ಕೇಳಲಿಲ್ಲ. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. ಬೀಜ, ಗೊಬ್ಬರ, ಕುಟುಂಬ ಯೋಜನೆ, ನಡುವೆ ಒಂದಿಷ್ಟು ಹಾಡು. ಕುಟುಂಬ ಯೋಜನೆ ಶುರುವಾದಾಗ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋಗುತ್ತಿದ್ದರು, ಮೂಲೆಯಲ್ಲಿ ನಿಂತು ಕೇಳುತ್ತಿದ್ದರು.

ಈಗ ಮುಖ್ಯ ಮಾತು. ನಮ್ಮ ಮುತ್ಯಾ ಹನುಮಂತ ದೇವರ ಗುಡಿಯಲ್ಲಿ ಭಜನೆಯ ಮೇಳ ನಡೆಸುತ್ತಿದ್ದರು. ಆ ಪೆಟ್ಟಿಗೆ ಬಂದ ಮೇಲೆ ಏಕತಾರಿ ಹಿಡಿದವರೂ ಶಾಲೆಗೆ ಹೋದರು, ತಾಳ ಹಿಡಿದವರೂ ಹೋದರು. ಮುತ್ಯಾ ಕಟ್ಟೆಯ ಮೇಲೆ ಕುಳಿತು, "ಮೊದಲಿನ ಕಾಲವೇ ಚೆನ್ನಾಗಿತ್ತು, ಈ ಪೆಟ್ಟಿಗೆ ಮನುಷ್ಯರ ನಡುವಿನ ಮಾತನ್ನು ನುಂಗಿತು" ಎಂದು ಬೈಯುತ್ತಿದ್ದರು. ಬಾರಾಕಮಾನಿನವರ ಬರಹ ಓದಿದಾಗ ಮುತ್ಯಾನೇ ಎದ್ದು ಬಂದ ಹಾಗಾಯಿತು. ಐವತ್ತು ವರ್ಷಗಳ ಹಿಂದಿನ ಬೈಗುಳ ಇದು ಸ್ವಾಮಿ.

1976ರ ಜುಲೈ ಕೊನೆಗೆ ಪ್ರಯೋಗ ಮುಗಿಯಿತು, ಉಪಗ್ರಹವನ್ನು ಅಮೆರಿಕದವರು ತಿರುಗಿ ಪಡೆದರು. ನಮ್ಮೂರ ಜನ ಎರಡು ದಿನ ಕಪ್ಪು ಪರದೆಯ ಮುಂದೆ ಕುಳಿತು ಎದ್ದರು. ಮೂರನೆಯ ದಿನ ಭಜನೆಗೆ ಹೋದರು. ಮುತ್ಯಾ ಅವರನ್ನು ಒಳಗೆ ಬಿಡಲಿಲ್ಲ, ಆ ಮಾತು ಬೇರೆ.

ತಿಲಕವಾಡಿ ಸೈಕಲ್, 8:22

ನನ್ನ ಮಾತು ಹಿಂದಕ್ಕೆ. ಇದು ನನಗೆ ಗೊತ್ತಿರಲಿಲ್ಲ. ಕುಂದಾ ಕಳಿಸುತ್ತೇನೆ, ಸಮಾಧಾನ ಮಾಡಿಕೊಳ್ಳಿ.

ಡೋಣಿ ದಂಡೆ, 8:25

ಕುಂದಾ ಬೇಡ, ಹಲ್ಲಿಗೆ ಅಂಟುತ್ತದೆ. ಅಮೀನಗಡದ ಕರದಂಟು ಇದ್ದರೆ ನೋಡಿ.

ಘಟಪ್ರಭಾ ಗಾಳಿ, 8:27

ಹಲ್ಲಿಗೆ ಅಂಟುವುದು ಕರದಂಟು, ಕುಂದಾ ಅಲ್ಲ. ಕರದಂಟು ಎಂದರೆ ಗೋಕಾಕದ್ದು, ಅಮೀನಗಡದ್ದು ಆಮೇಲೆ.

ಡೋಣಿ ದಂಡೆ, 8:28

ಇದಕ್ಕೆ ಬೇರೆ ಚರ್ಚೆ ತೆರೆಯೋಣ, ಪೊಲೀಸ್ ಬಂದೋಬಸ್ತಿನಲ್ಲಿ.

ಹುನಗುಂದದ ಸೊಸೆ, 10:05

ಅಡುಗೆ ಮುಗಿಸಿ ಎಲ್ಲರ ಮಾತನ್ನೂ ಓದಿದೆ. ಕಟ್ಟೆ, ಕ್ಷೌರದ ಅಂಗಡಿ, ಭಜನೆ ಮೇಳ. ಅಣ್ಣಂದಿರೇ, ನಿಮ್ಮ ಹಳೆಯ ಕಾಲದಲ್ಲಿ ಹೆಂಗಸರು ಎಲ್ಲಿ ಕುಳಿತಿದ್ದರು? ಬನ್ನಿ ಕೊಡಲು ನೀವು ರಾತ್ರಿ ಹನ್ನೊಂದರವರೆಗೆ ಓಣಿ ಸುತ್ತಿದಿರಿ, ಸರಿ. ಬಂದವರಿಗೆಲ್ಲ ಚಹಾ ಕಾಸಿದವರು ಯಾರು?

ನಾನು ಮದುವೆಯಾಗಿ ಇಂಡಿ ತಾಲ್ಲೂಕಿನಿಂದ ಹುನಗುಂದದ ಕಡೆ ಬಂದದ್ದು 1988ರಲ್ಲಿ. ತವರಿಗೆ ಪತ್ರ ಬರೆದರೆ ಡಬ್ಬಿಗೆ ಹಾಕುವ ಮೊದಲು ಮಾವನವರು ಓದುತ್ತಿದ್ದರು. ತವರಿನಿಂದ ಬಂದದ್ದನ್ನೂ ಅವರೇ ಒಡೆಯುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಆಗ ಹಾಗೆಯೇ ಇತ್ತು. ಅದಕ್ಕೆ ನಾನು ಮತ್ತು ನನ್ನ ತಂಗಿ ಒಂದು ಗುಟ್ಟು ಮಾಡಿಕೊಂಡಿದ್ದೆವು. "ಇಲ್ಲಿ ಮಳೆ ಚೆನ್ನಾಗಿ ಆಗಿದೆ" ಎಂದು ಬರೆದರೆ ನನಗೆ ಇಲ್ಲಿ ಕಷ್ಟವಿದೆ, ಅಪ್ಪನನ್ನು ಕಳಿಸು ಎಂದು ಅರ್ಥ. ಒಂದು ವರ್ಷ ನೆಲ ಬಿರುಕು ಬಿಟ್ಟಿತ್ತು, ಬಾವಿಯಲ್ಲಿ ಕೊಡ ಮುಳುಗುವಷ್ಟು ನೀರಿರಲಿಲ್ಲ. ನಾನು "ಮಳೆ ಚೆನ್ನಾಗಿ ಆಗಿದೆ" ಎಂದು ಬರೆದೆ. ಮಾವನವರು ಕಾರ್ಡು ಓದಿ ಕನ್ನಡಕ ತೆಗೆದು, "ಎಲ್ಲಿ ಆಯಿತವ್ವಾ ಮಳೆ?" ಎಂದರು. ನನಗೆ ಬಾಯಿ ಬರಲಿಲ್ಲ. ಕಾರ್ಡನ್ನು ಡಬ್ಬಿಗೆ ಹಾಕಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಅಪ್ಪ ಬರಲಿಲ್ಲ.

ಆ ಅಪ್ಪ ತೀರಿಕೊಂಡಾಗ ತಂತಿ ಬಂತು. "ತಂದೆ ಗಂಭೀರ, ತಕ್ಷಣ ಹೊರಡಿ." ಆಗ ಸತ್ತವರೆಲ್ಲ ತಂತಿಯಲ್ಲಿ ಗಂಭೀರವೇ ಆಗಿರುತ್ತಿದ್ದರು. ಹುನಗುಂದದಿಂದ ವಿಜಯಪುರ, ಅಲ್ಲಿಂದ ಇಂಡಿ, ಅಲ್ಲಿ ಹಳ್ಳಿಯ ಬಸ್ಸು ತಪ್ಪಿತು. ಊರು ಮುಟ್ಟಿದಾಗ ಮಣ್ಣು ಕೊಟ್ಟು ಜನ ಕೈಕಾಲು ತೊಳೆಯುತ್ತಿದ್ದರು. ನಾನು ಮುಖ ನೋಡಲಿಲ್ಲ.

2013ರಲ್ಲಿ ತಂತಿ ಸೇವೆ ನಿಂತಾಗ ಪತ್ರಿಕೆಯಲ್ಲಿ ಎಲ್ಲರೂ ಕಣ್ಣೀರು ಹಾಕಿ ಬರೆದಿದ್ದರು. ನಾನು ಆ ಪುಟ ಹಾಸಿ ಹಪ್ಪಳ ಒಣಗಿಸಿದೆ.

ಬಾರಾಕಮಾನ್ ಬದಿಯವ, 10:31

ಅಕ್ಕಾ, ಏನು ಬರೆಯಬೇಕೋ ತಿಳಿಯುತ್ತಿಲ್ಲ. ನಿನ್ನೆಯ ಚೂಡಾ, ಶಂಕರಪಾಳಿಯನ್ನು ನಾನು ಮಾಡಿದ್ದಲ್ಲ ಎಂಬುದು ಈಗ ಹೊಳೆಯಿತು.

ರಾತ್ರಿ ಪಾಳಿ, 10:40

ನಮ್ಮ ಅವ್ವ ರಾತ್ರಿ ರೊಟ್ಟಿ ಬಡಿಯುವಾಗ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನನ್ನೊಂದಿಗೆ ಮಾತಾಡುತ್ತಾಳೆ. ಪರದೆಯಲ್ಲಿ ಅರ್ಧ ಮುಖ, ಅರ್ಧ ಹಂಚು. ಮಾತು ಕಡಿಮೆ, ಬಡಿಯುವ ಸದ್ದೇ ಹೆಚ್ಚು. ಆ ಸದ್ದು ಕೇಳುತ್ತ ನಾನು ಇಲ್ಲಿ ಹೋಟೆಲಿನ ಅನ್ನ ತಿನ್ನುತ್ತೇನೆ. ಇದನ್ನು ಬಿಟ್ಟು ಅಂಚೆ ಕಾರ್ಡಿಗೆ ಹೋಗು ಎಂದರೆ ನಾನು ಒಲ್ಲೆ.

ಖಾಕಿ ಚೀಲ (ಸಿಂದಗಿ), 11:50

ನಿವೃತ್ತ ಪೋಸ್ಟ್‌ಮನ್. ಕಾರ್ಡಿನ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಹುನಗುಂದದ ತಂಗಿ, ನಿನ್ನ ಕಾರ್ಡು ಡಬ್ಬಿಗೆ ಬಿದ್ದಿದ್ದರೆ ಮುಟ್ಟಿಯೇ ಮುಟ್ಟಿರುತ್ತದೆ. ಅಷ್ಟು ಮಾತ್ರ ನಮ್ಮ ಇಲಾಖೆಯ ಪರವಾಗಿ ಹೇಳಬಲ್ಲೆ.

ನಾನು ಸೇರಿದಾಗ ಕಾರ್ಡಿಗೆ 15 ಪೈಸೆ, ಈಗ 50 ಪೈಸೆ. ಹದಿನೈದು ಪೈಸೆಗೆ ಜನ ಎಷ್ಟು ಬರೆಯುತ್ತಿದ್ದರು ಗೊತ್ತೇ? ಸಾಲು ಮುಗಿದ ಮೇಲೆ ಅಂಚಿನ ಸುತ್ತ ತಿರುಗಿಸಿ ತಿರುಗಿಸಿ ಬರೆದು, ಕೊನೆಗೆ ವಿಳಾಸದ ಜಾಗಕ್ಕೂ ನುಗ್ಗುತ್ತಿದ್ದರು. ಪಿನ್ ಕೋಡ್ 1972ರಲ್ಲೇ ಬಂದಿತ್ತು, ಆದರೂ ನಮ್ಮ ಕಡೆ ವಿಳಾಸ ಎಂದರೆ "ಅಗಸಿ ಹತ್ತಿರ, ಬೇವಿನ ಗಿಡದ ಮನೆ, ದೊಡ್ಡ ಗೌಡರ ಎದುರು" ಅಷ್ಟೇ. ಮುಟ್ಟಿಸುತ್ತಿದ್ದೆವು. ಮೂಲೆಗೆ ಅರಿಶಿನ ಹಚ್ಚಿದ್ದರೆ ಮದುವೆ, ಅದನ್ನು ನಗುತ್ತ ಕೊಡುತ್ತಿದ್ದೆ. ಸಾವಿನ ಕಾರ್ಡಾದರೆ ಹೊಸ್ತಿಲ ಹೊರಗೇ ಓದಿ ಅಲ್ಲೇ ಹರಿದು ಹಾಕುತ್ತಿದ್ದರು, ಒಳಗೆ ಒಯ್ಯುತ್ತಿರಲಿಲ್ಲ.

ನನಗೆ ಹೆಚ್ಚು ನೆನಪಿರುವುದು ಮನಿ ಆರ್ಡರ್. ನಮ್ಮ ಭಾಗದ ಗಂಡಸರು ದುಡಿಯಲು ಗೋವಾಕ್ಕೆ, ಪುಣೆಗೆ, ರತ್ನಾಗಿರಿಗೆ ಹೋಗುವವರು. ಮನಿ ಆರ್ಡರ್ ಫಾರಮಿನ ತುದಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗವಿರುತ್ತಿತ್ತು. ಅಷ್ಟರಲ್ಲೇ ಇಡೀ ಸಂಸಾರ. "ಜೋಳಕ್ಕೆ ನೂರು, ಅಪ್ಪನ ಔಷಧಕ್ಕೆ ಐವತ್ತು, ಅಂಗಡಿಯವನು ಕೇಳಿದರೆ ಬರುವ ತಿಂಗಳು ಎಂದು ಹೇಳು, ಮಗು ನಡೆಯುತ್ತದೆಯೇ?" ನಾನು ಓದುತ್ತಿದ್ದೆ. ಮುದುಕಿಯರು ಎರಡು ಸಲ ಓದಿಸದೆ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಎರಡನೆಯ ಸಲ ಓದುವಾಗ ಮೊದಲು ಓದಿದ್ದಕ್ಕಿಂತ ಹೆಚ್ಚು ಏನಾದರೂ ಸಿಗುತ್ತದೆಯೋ ಎಂದು ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಸರಳ ಕಾಲ ಎನ್ನುತ್ತೀರಿ. ಶ್ರಾವಣದ ಮಳೆಯಲ್ಲಿ ಎರೆಮಣ್ಣಿನ ದಾರಿಯಲ್ಲಿ ಸೈಕಲ್ ತಳ್ಳಿ ನೋಡಿದ್ದೀರಾ? ಹತ್ತು ಹೆಜ್ಜೆಗೆ ಗಾಲಿ ಮಣ್ಣಿನ ಉಂಡೆಯಾಗುತ್ತದೆ. ಕಡ್ಡಿಯಿಂದ ಕೆತ್ತಬೇಕು, ಮತ್ತೆ ಹತ್ತು ಹೆಜ್ಜೆ. ಕೊನೆಗೆ ಸೈಕಲನ್ನು ಹೆಗಲ ಮೇಲೆ, ಚೀಲವನ್ನು ತಲೆಯ ಮೇಲೆ ಹೊತ್ತು ಊರು ಸೇರುತ್ತಿದ್ದೆ. ಸೈಕಲ್ ನನ್ನ ಮೇಲೆ ಕುಳಿತ ಕಿಲೋಮೀಟರುಗಳೇ ಹೆಚ್ಚು. ಈಗ ಪಿಂಚಣಿ ಜಮಾ ಆದದ್ದು ಮೊಬೈಲಿನಲ್ಲೇ ತಿಳಿಯುತ್ತದೆ, ನಾನು ಕೈಯೆತ್ತಿ ಮುಗಿಯುತ್ತೇನೆ.

ಹುನಗುಂದದ ಸೊಸೆ, 12:02

ಅಣ್ಣಾ, ನಿಮ್ಮ ಬೀಟಿನಲ್ಲಿ ನನ್ನಂಥವರು ಎಷ್ಟು ಜನ ಇದ್ದರು?

ಖಾಕಿ ಚೀಲ, 12:10

ಇದ್ದರು ತಂಗೀ. ಒಬ್ಬಳು ಬಾವಿಯ ದಾರಿಯಲ್ಲಿ ಕಾದು ನಿಂತು ಕಾರ್ಡನ್ನು ನನ್ನ ಕೈಗೇ ಕೊಡುತ್ತಿದ್ದಳು. ಹಾಗೆ ತೆಗೆದುಕೊಳ್ಳಬಾರದು ಎಂದು ನಿಯಮವಿತ್ತೋ ಏನೋ, ನಾನು ತಿರುವಿ ನೋಡಲಿಲ್ಲ.

ಹಳದಿ ಬೂತು (ಗೋಕಾಕ), 1:15

ಪೋಸ್ಟಿನವರ ನಂತರ ನನ್ನ ಸರದಿ. ನಾನು ಎಸ್‌ಟಿಡಿ ಬೂತು ನಡೆಸಿದವನು. ಪೋಲಿಯೊದಿಂದ ಒಂದು ಕಾಲು ಇಲ್ಲದ ಹಾಗೆ, ಅಂಗವಿಕಲರ ಮೀಸಲಿನಲ್ಲಿ ಬೂತು ಸಿಕ್ಕಿತು. ಅದರಿಂದಲೇ ಮದುವೆಯಾದೆ.

ರಾತ್ರಿ ಹನ್ನೊಂದರ ಮೇಲೆ ಕಾಲು ದರ. ಊರೆಲ್ಲ ಮಲಗಿದ ಮೇಲೆ ನನ್ನ ಅಂಗಡಿಯ ಮುಂದೆ ಸಾಲು. ಗಾಜಿನ ಪೆಟ್ಟಿಗೆಯೊಳಗೆ ಪಂಖ ಇಲ್ಲ, ಬಾಗಿಲು ಮುಚ್ಚಿದರೆ ಬೆವರು, ತೆರೆದರೆ ಊರಿಗೆಲ್ಲ ಕೇಳುತ್ತದೆ. ಪುಣೆಗೆ ಮಾತಾಡುವವರು ಪುಣೆಗೆ ನೇರವಾಗಿ ಕೇಳುವ ಹಾಗೆ ಕೂಗುತ್ತಿದ್ದರು. ಕಣ್ಣೆಲ್ಲ ಮೀಟರಿನ ಕೆಂಪು ಅಂಕಿಯ ಮೇಲೆ. ಒಬ್ಬ ಹುಡುಗ ಹತ್ತು ರೂಪಾಯಿ ಹಿಡಿದು ಬಂದು, ಹತ್ತಕ್ಕೆ ಮುಟ್ಟುವ ಮೊದಲೇ ಮಾತಿನ ನಡುವೆ ಫೋನ್ ಇಡುತ್ತಿದ್ದ. ಮರುದಿನ ಬಂದು ನಿನ್ನೆ ಬಿಟ್ಟ ಮಾತಿನಿಂದ ಶುರು ಮಾಡುತ್ತಿದ್ದ. ಹೀಗೆ ಒಂದು ಮದುವೆಯ ಮಾತುಕತೆ ಕಂತಿನಲ್ಲಿ ಮುಗಿದದ್ದನ್ನು ನಾನು ಕಣ್ಣಾರೆ, ಕಿವಿಯಾರೆ ಬಲ್ಲೆ.

ಊರಿನ ಅರ್ಧ ಜನರ ಲಗ್ನಪತ್ರಿಕೆಯಲ್ಲಿ ನನ್ನ ಬೂತಿನ ಸಂಖ್ಯೆ ಇತ್ತು, ಮುಂದೆ "ಪಿ.ಪಿ." ಎಂದು, ಅಂದರೆ ಬೇರೆಯವರ ಫೋನು, ಕರೆದು ಕೊಡಬೇಕು. ಕರೆ ಬಂದರೆ ಹುಡುಗನನ್ನು ಓಡಿಸಿ ಕರೆಸಬೇಕು, ಅದಕ್ಕೆ ಎರಡು ರೂಪಾಯಿ. ಸಾವಿನ ಕರೆಗೆ ಹಣ ತೆಗೆದುಕೊಳ್ಳುತ್ತಿರಲಿಲ್ಲ.

ಮೊಬೈಲು ಬಂತು, 2006ರಲ್ಲಿ ಬೂತು ಮುಚ್ಚಿದೆ. ಗಾಜಿನ ಪೆಟ್ಟಿಗೆಯನ್ನು ಒಬ್ಬರು ಕೋಳಿ ಸಾಕಲು ಒಯ್ದರು. ಒಂದು ವರ್ಷ ಮನೆಯಲ್ಲಿ ಕುಳಿತೆ. ಈಗ ಅದೇ ಜಾಗದಲ್ಲಿ ರೀಚಾರ್ಜು, ಪಹಣಿ ತೆಗೆದುಕೊಡುವುದು, ಆನ್‌ಲೈನ್ ಅರ್ಜಿ. ಜನ ಮೊದಲಿನಷ್ಟೇ ಬರುತ್ತಾರೆ. ಒಂದು ವ್ಯತ್ಯಾಸ, ಯಾರ ಮನೆಯಲ್ಲಿ ಏನಾಯಿತು ಎಂದು ಈಗ ನನಗೆ ಗೊತ್ತಾಗುವುದಿಲ್ಲ. ನನ್ನ ಹೆಂಡತಿಗೆ ಅದೇ ದೊಡ್ಡ ಕೊರಗು.

ಇಂಡಿ ಲಿಂಬೆ, 1:40

ನಾವು ರೈತರು ಏನು ಹೇಳೋಣ? ಅಪ್ಪ 90ರ ದಶಕದಲ್ಲಿ ಉಳ್ಳಾಗಡ್ಡಿ ಹೇರಿಕೊಂಡು ಸೊಲ್ಲಾಪುರಕ್ಕೆ ಹೋಗುತ್ತಿದ್ದರು. ಅಲ್ಲಿ ಇವತ್ತಿನ ದರ ಎಷ್ಟು ಎಂದು ತಿಳಿಯುವುದು ಅಲ್ಲಿ ಇಳಿದ ಮೇಲೆಯೇ. ಒಂದು ಸಲ ಬಿದ್ದ ದರಕ್ಕೆ ಲಾರಿ ಬಾಡಿಗೆಯೂ ಹುಟ್ಟಲಿಲ್ಲ. ಚೀಲಗಳನ್ನು ದಲಾಲಿ ಅಂಗಡಿಯಲ್ಲೇ ಬಿಟ್ಟು, ಬಸ್ಸಿನ ದುಡ್ಡನ್ನು ಆ ದಲಾಲಿಯ ಹತ್ತಿರವೇ ಸಾಲ ಪಡೆದು ಬಂದರು. ನಾನು ಈಗ ಹೊಲದಲ್ಲಿ ನಿಂತೇ ನಾಲ್ಕು ಮಾರುಕಟ್ಟೆಯ ದರ ನೋಡುತ್ತೇನೆ. ನೋಡಿದ ಮಾತ್ರಕ್ಕೆ ದರ ಏರುವುದಿಲ್ಲ, ನಷ್ಟ ಮನೆಯಲ್ಲೇ ತಿಳಿಯುತ್ತದೆ. ಬಾಡಿಗೆ ಉಳಿಯಿತು.

ಕರಿಹಲಿಗೆ, 2:30

ಎಲ್ಲರೂ ಸೇರಿ ನನ್ನನ್ನು ಒಂಟಿ ಮಾಡಿದಿರಿ. ಆದರೂ ಕೇಳುತ್ತೇನೆ. ನೀವು ಹೇಳುವುದೆಲ್ಲ ಉಪಯೋಗದ ಮಾತು. ದರ, ಪಿಂಚಣಿ, ಅರ್ಜಿ. ಬಾರಾಕಮಾನಿನವರು ಕೇಳಿದ್ದು ಉಪಯೋಗವನ್ನಲ್ಲ. ಕೆಲಸವಿಲ್ಲದೆ, ಹೇಳಿ ಕಳಿಸದೆ ಒಬ್ಬರು ಇನ್ನೊಬ್ಬರ ಮನೆಗೆ ಬರುತ್ತಿದ್ದರಲ್ಲ, ಅದು ಎಲ್ಲಿ ಹೋಯಿತು ಎಂದು ಕೇಳಿದರು. ಇದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಮುಳುಗಡೆ ಮನೆ (ಬಾಗಲಕೋಟೆ, ನವನಗರ), 4:20

ಮಾಸ್ತರರೇ, ನಾನು ಪ್ರಯತ್ನಿಸುತ್ತೇನೆ. ನಮ್ಮ ಓಣಿಯಿಂದ ಆ ಬರುವಿಕೆಯನ್ನು ಒಯ್ದದ್ದು ಮೊಬೈಲಲ್ಲ, ನೀರು.

1964ರಲ್ಲಿ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದರು. ಅಂದಿನಿಂದ ನಮ್ಮದು ಮುಳುಗುವ ಊರು. ನಾನು ಹುಟ್ಟುವ ಮೊದಲೇ ಮುಳುಗುವ ಊರು, ನಾನು ಕಾಲೇಜಿಗೆ ಹೋಗುವಾಗಲೂ ಮುಳುಗುವ ಊರು. ಹೇಗೂ ಮುಳುಗುತ್ತದೆ ಎಂದು ಅಪ್ಪ ಗೋಡೆಗೆ ಸುಣ್ಣ ಬಳಿಸುತ್ತಿರಲಿಲ್ಲ. ಕೊನೆಗೆ ನಿಜವಾಗಿಯೂ ಹಿನ್ನೀರು ಬಂತು. ಒಂದೇ ಓಣಿಯವರು ನವನಗರದ ಬೇರೆ ಬೇರೆ ಸೆಕ್ಟರಿಗೆ ಚದುರಿದರು. ಗೋಡೆಗೆ ಗೋಡೆ ಹಂಚಿಕೊಂಡವರ ನಡುವೆ ಮೂರು ಕಿಲೋಮೀಟರ್. ಹಿಟ್ಟು ಕಡ ಕೇಳಲು ಯಾರು ಮೂರು ಕಿಲೋಮೀಟರ್ ಹೋಗುತ್ತಾರೆ? ಅಗಲವಾದ ರಸ್ತೆ, ಸಾಲುಮರ, ಎಲ್ಲ ಚೆನ್ನಾಗಿದೆ. ಆದರೆ ಕೆಲಸವಿಲ್ಲದೆ ಹಾದುಹೋಗುವ ದಾರಿಯಲ್ಲಿ ಯಾರ ಮನೆಯೂ ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಯಾರೋ ಹಳೆಯ ಓಣಿಯ ಹೆಸರಿನಲ್ಲಿ ವಾಟ್ಸಾಪ್ ಗುಂಪು ಮಾಡಿದರು. ಮೊದಲು ನಮಗೂ ದೇವರ ಚಿತ್ರ, ಹೂವಿನ ಚಿತ್ರ. ಒಂದು ದಿನ ಹುಬ್ಬಳ್ಳಿಯಲ್ಲಿರುವ ಒಬ್ಬರು ಕಾಗದದ ಮೇಲೆ ಓಣಿಯ ನಕ್ಷೆ ಬರೆದು ಹಾಕಿ, "ಇದು ಸರಿಯೇ?" ಎಂದು ಕೇಳಿದರು. ಅಲ್ಲಿಂದ ಶುರುವಾಯಿತು ನೋಡಿ ಜಗಳ. ನಳ ಎಡಕ್ಕಿತ್ತು, ಬಲಕ್ಕಿತ್ತು. ಹಿಟ್ಟಿನ ಗಿರಣಿಯ ನಂತರದ ಮನೆ ಯಾರದು? ಬಣ್ಣದ ಹಬ್ಬಕ್ಕೆ ಹಲಗೆ ಕಾಯಿಸಲು ಬೆಂಕಿ ಹಾಕುತ್ತಿದ್ದ ಮೂಲೆ ಯಾವುದು? ಪುಣೆಯಿಂದ ಒಬ್ಬರು, ದುಬೈನಿಂದ ಒಬ್ಬರು, ಎಂಬತ್ತು ದಾಟಿದ ಹಿರಿಯರು ಮೊಮ್ಮಕ್ಕಳ ಕೈಯಲ್ಲಿ ಟೈಪ್ ಮಾಡಿಸಿ. ಎರಡು ತಿಂಗಳಲ್ಲಿ 41 ಮನೆಗಳು ಕೂಡಿದವು. ಬೇವಿನ ಗಿಡದ ಜಾಗ ಮಾತ್ರ ಬಗೆಹರಿಯಲಿಲ್ಲ, ಎರಡು ಪಕ್ಷಗಳಾದವು. ಅಪ್ಪನನ್ನು ಕೇಳಿದೆ. ಅವರು ಹಾಸಿಗೆ ಹಿಡಿದಿದ್ದರು. ಕಣ್ಣು ಮುಚ್ಚಿ ಬೆರಳಿನಿಂದ ಗಾಳಿಯಲ್ಲಿ ನಡೆದು, "ನಮ್ಮ ಬಾಗಿಲಿನಿಂದ ಹದಿನಾಲ್ಕು ಹೆಜ್ಜೆ, ಆಮೇಲೆ ನೆರಳು ಶುರು" ಎಂದರು. ಗಿಡವನ್ನು ಅಲ್ಲಿಯೇ ನೆಟ್ಟೆವು.

ಆ ನಕ್ಷೆ ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಇಂಟರ್ನೆಟ್ ಇಲ್ಲದಿದ್ದರೆ ನನ್ನ ಓಣಿ ನನ್ನ ಹತ್ತಿರ ಇರುತ್ತಿರಲಿಲ್ಲ. ಆದರೆ ಮಾಸ್ತರರೇ, ಆ 41 ಮನೆಗಳವರಲ್ಲಿ ಕಳೆದ ದಸರೆಗೆ ನಮ್ಮ ಮನೆಗೆ ಬಂದವರು ಇಬ್ಬರು. ನಾನು ಹೋದದ್ದು ಒಂದಕ್ಕೆ. ನಿಮ್ಮ ಪ್ರಶ್ನೆಗೆ ಇಷ್ಟೇ ನನ್ನ ಹತ್ತಿರ ಇರುವುದು.

ಕರಿಹಲಿಗೆ, 4:41

ಸಾಕು ತಾಯಿ.

ತಿಲಕವಾಡಿ ಸೈಕಲ್, 5:00

ಹದಿನಾಲ್ಕು ಹೆಜ್ಜೆ, ಆಮೇಲೆ ನೆರಳು. ಇವತ್ತು ಇನ್ನೇನೂ ಓದುವುದಿಲ್ಲ.

ಘಟಪ್ರಭಾ ಗಾಳಿ, 5:12

ಒಂದು ಸಣ್ಣ ಅನುಮಾನ. ದಸರೆ ಮುಗಿದ ಮೇಲೆ ಬನ್ನಿ ಕೊಟ್ಟರೆ ನಡೆಯುತ್ತದೆಯೇ?

ಹುನಗುಂದದ ಸೊಸೆ, 5:20

ನಮ್ಮ ಆಯಿ ಶೀಗಿ ಹುಣ್ಣಿಮೆಯವರೆಗೂ ಕೊಡಬಹುದು ಎನ್ನುತ್ತಿದ್ದರು. ಶಾಸ್ತ್ರ ಕೇಳಬೇಡಿ, ಆಯಿ ಹೇಳಿದ್ದು.

ಬಾರಾಕಮಾನ್ ಬದಿಯವ, 5:26

ತಾಟಿನಲ್ಲಿರುವ ಬನ್ನಿ ಬಾಡಿದೆ, ಎಸೆದಿಲ್ಲ. ಹುಣ್ಣಿಮೆಯೊಳಗೆ ದಿನಕ್ಕೆ ಮೂರು ಮನೆಯಾದರೂ ಮಾಡುತ್ತೇನೆ. ವಿಜಯಪುರದವರು ಯಾರಾದರೂ ನಮ್ಮ ಕಡೆ ಬರುವುದಾದರೆ ಬನ್ನಿ. ಬರುವ ಮೊದಲು ಒಂದು ಫೋನ್ ಮಾಡಿದರೆ ಒಳ್ಳೆಯದು.

ಡೋಣಿ ದಂಡೆ, 5:31

ಫೋನ್ ಮಾಡಿ ಬರುವುದಾದರೆ ಇಷ್ಟೆಲ್ಲ ಬರೆದದ್ದು ಯಾವುದಕ್ಕೆ? ನಾಡಿದ್ದು ನನಗೆ ವಿಜಯಪುರದಲ್ಲಿ ಕೋರ್ಟಿನ ಕೆಲಸವಿದೆ. ಹೇಳದೆ ಬರುತ್ತೇನೆ.

ಡೋಣಿ ದಂಡೆ, ನಾಲ್ಕನೆಯ ದಿನ ಸಂಜೆ 6:45

ಹೇಳದೆ ಹೋದೆ. ಬೀಗ ಹಾಕಿತ್ತು.

ಕದದ ಚಿಲಕಕ್ಕೆ ಬನ್ನಿ ಸಿಕ್ಕಿಸಿ ಹೊರಟೆ. ಪಕ್ಕದ ಮನೆಯ ಅಜ್ಜಿ ಕರೆದು, ಯಾವ ಊರು, ಯಾರ ಮಗ, ಮಳೆ ಹೇಗಿದೆ, ಕೋರ್ಟಿನಲ್ಲಿ ಏನು ಕೆಲಸ ಎಂದು ವಕೀಲರಿಗಿಂತ ಚೆನ್ನಾಗಿ ವಿಚಾರಿಸಿದರು. ಎರಡು ಚಹಾ ಆಯಿತು. ಐದೂವರೆಯ ಬಸ್ಸು ತಪ್ಪಿತು.

ಬಾರಾಕಮಾನ್ ಬದಿಯವ, 7:20

ಅಯ್ಯೋ! ಆ ಹೊತ್ತಿಗೆ ನಾನು ಜೋರಾಪುರ ಪೇಟೆಯಲ್ಲಿ ಎಂಟನೆಯ ಮನೆಯಲ್ಲಿದ್ದೆ. ಅಲ್ಲಿಯೂ ಬೀಗ.

ರಾತ್ರಿ ಪಾಳಿ, 7:24

ಕಾಕಾ, ಆ ಪಕ್ಕದ ಮನೆಯ ಅಜ್ಜಿಗೆ ಬನ್ನಿ ಕೊಟ್ಟಿದ್ದೀರಾ?

ಬಾರಾಕಮಾನ್ ಬದಿಯವ, 7:50

ಈಗ ಹೋಗಿ ಕೊಟ್ಟು ಬಂದೆ.